ಸೊಟ್ಟ ಹೊಲಿಗೆ

"ಇದು ಮೆಷಿನ್ ಹೊಲಿಗೆ," ಎಂದು ಕನ್ನಡಕದ ಹೆಂಗಸು ಹೊದಿಕೆಯನ್ನು ಮಗುಚಿ ನೋಡಿ ಮೇಜಿನ ಮೇಲೆ ಹಾಕಿಬಿಟ್ಟಳು. "ಇಷ್ಟು ನೇರವಾಗಿ ಮನುಷ್ಯರ ಕೈಯಲ್ಲಿ ಬರೋದಿಲ್ಲ."

ಮೇಜಿನ ಹಿಂದೆ ಸೊಸೆಯ ಪಕ್ಕ ಕೂತಿದ್ದ ಅತ್ತೆಗೆ ಕೆನ್ನೆಗೆ ಹೊಡೆದಂತಾಯಿತು. ಅದು ಅವರ ಮೂರು ತಿಂಗಳ ಕೆಲಸ. ಹಳೆಯ ಬಟ್ಟೆಯ ತುಂಡುಗಳನ್ನು ಜೋಡಿಸಿ, ಒಂದೊಂದು ಹೊಲಿಗೆಯನ್ನೂ ಅಕ್ಕಿಕಾಳಿನ ಅಳತೆಗೆ ಹಾಕಿದ್ದರು. ಚಿಕ್ಕವರಿದ್ದಾಗ ಒಂದು ಹೊಲಿಗೆ ಸೊಟ್ಟಗಾದರೂ ಅವರ ತಾಯಿ ಇಡೀ ಸಾಲು ಬಿಚ್ಚಿಸುತ್ತಿದ್ದರು. ಬಿಚ್ಚಿ ಬಿಚ್ಚಿ ನೇರವಾದ ಕೈ ಅದು.

ಶಾಲೆಯ ಸಭಾಂಗಣದಲ್ಲಿ ವಾರವಾರ ನಡೆಯುವ ಕೈಕೆಲಸದ ಸಂತೆಗೆ ಅವರು ಬಂದದ್ದು ಇದು ಮೂರನೆಯ ಭಾನುವಾರ, ಕೇಳಿದ್ದು ಮೂರನೆಯ ಸಲ ಅದೇ ಮಾತು. ಮೊದಲ ವಾರವೇ ಸೊಸೆ ಮೆತ್ತಗೆ ಹೇಳಿದ್ದಳು: "ಅತ್ತೆ, ಅಲ್ಲಲ್ಲಿ ಸ್ವಲ್ಪ ಸೊಟ್ಟ ಹೊಲೀರಿ. ಜನಕ್ಕೆ ಅದೇ ಬೇಕು." ಅತ್ತೆ ಪ್ರಯತ್ನಪಟ್ಟರು ಕೂಡ. ಕಣ್ಣು ಮುಚ್ಚಿ ಹೊಲಿದರು, ಎಡಗೈಯಲ್ಲಿ ಹೊಲಿದರು. ನಾಲ್ಕು ಬೆರಳಗಲ ಹೋಗುವುದರೊಳಗೆ ದಾರ ತಾನಾಗಿ ಸಾಲಿಗೆ ಬಂದು ನಿಲ್ಲುತ್ತಿತ್ತು. ಹುಟ್ಟುಗುಣ ಸುಟ್ಟರೂ ಹೋಗದು. "ಈ ವಾರವೂ ನನ್ನದನ್ನ ಮೆಷಿನ್ದು ಅಂದ್ರೆ ಸೂಜಿ ಮುಟ್ಟಲ್ಲ," ಎಂದು ಬೆಳಿಗ್ಗೆ ಹೊರಡುವಾಗ ಶಪಥ ಮಾಡಿ ಬಂದಿದ್ದರು.

ಸೊಸೆಯ ಕಥೆ ಬೇರೆ. ಮೆಷಿನ್ ಮುಂದೆ ಕೂತರೂ ಅವಳ ಸಾಲು ಹಾವು ಹರಿದಂತೆ. ಮೆಷಿನ್ನೇ ಸರಿಯಿಲ್ಲ ಎಂದು ಅವಳು ಗೊಣಗಿದಾಗಲೆಲ್ಲ ಅತ್ತೆ, "ಕುಣಿಯಲಾರದವಳು ನೆಲ ಡೊಂಕು ಅಂದಳಂತೆ," ಎಂದು ಹಂಗಿಸುತ್ತಿದ್ದರು. ಅವಳು ಮೆಷಿನ್ನಿನಲ್ಲೇ ಹೊಲಿದ ಒಂದು ಡೊಂಕು ಹೊದಿಕೆಯೂ ಇವತ್ತು ಮೇಜಿಗೆ ಬಂದಿತ್ತು. ಅದಕ್ಕೊಂದು ಚೀಟಿಯನ್ನೂ ಸೊಸೆ ಪಿನ್ನು ಹಾಕಿ ಸಿಕ್ಕಿಸಿದ್ದಳು: 'ಹಡಗು ಹತ್ತಿ ಹೋದ ಗಂಡನ ದಾರಿ ಕಾಯುತ್ತ ನಮ್ಮ ಮುತ್ತಜ್ಜಿ ಕಣ್ಣೀರಲ್ಲೇ ಹೊಲಿಯುತ್ತಿದ್ದಳು. ಕಣ್ಣು ಮಂಜಾಗಿ ಸಾಲು ಸೊಟ್ಟಗಾಗುತ್ತಿತ್ತು. ನಮ್ಮ ಮನೆಯಲ್ಲಿ ಇಂದಿಗೂ ಹಾಗೇ ಹೊಲಿಯುತ್ತೇವೆ.' ಮುತ್ತಜ್ಜ ಮಂಚ ಬಿಟ್ಟು ಅಂಗಳಕ್ಕೂ ಇಳಿದವನಲ್ಲ. ಅವನು ಹಡಗು ಹತ್ತಿದ್ದರೆ ಮುತ್ತಜ್ಜಿ ಎಷ್ಟೋ ಸುಖವಾಗಿರುತ್ತಿದ್ದಳು.

ಕನ್ನಡಕದ ಹೆಂಗಸು ಚೀಟಿ ಓದಿದಳು. ಕನ್ನಡಕ ತೆಗೆದು ಒರೆಸಿಕೊಂಡಳು. ಸೊಟ್ಟ ಸಾಲಿನ ಮೇಲೆ, ಮಲಗಿದ ಮಗುವಿನ ತಲೆ ಸವರುವಂತೆ ಬೆರಳಾಡಿಸಿದಳು. "ನೋಡಿ, ಇದು ಕೈ ಹೊಲಿಗೆ. ಉಸಿರು ಎಲ್ಲಿ ತಪ್ಪಿದೆ ಅಂತ ಸಹ ಗೊತ್ತಾಗತ್ತೆ."

ಸೊಸೆ ಮೇಜಿನ ಕೆಳಗೆ ಬಗ್ಗಿ ಕೈಯಲ್ಲೇ ಇದ್ದ ಚೀಲವನ್ನು ಹುಡುಕತೊಡಗಿದಳು.

"ಹೀಗೆ ಹೊಲಿಯೋದು ಕಲಿಯೋಕೆ ಎಷ್ಟು ವರ್ಷ ಬೇಕು ಅಜ್ಜಿ?" ಎಂದು ಹೆಂಗಸು ಅತ್ತೆಯನ್ನು ಕೇಳಿದಳು.

ಅತ್ತೆಯ ನಾಲಿಗೆಯ ತುದಿಗೆ ನಿಜ ಬಂದಿತ್ತು. ಬಗ್ಗಿದ ಸೊಸೆಯ ಕಿವಿ ಕೆಂಪಗಾದದ್ದು ಕಂಡು ನುಂಗಿಕೊಂಡರು. ಪೂರ್ತಿ ನುಂಗಲು ಆಗಲಿಲ್ಲ.

"ನನಗಂತೂ ಈ ಜನ್ಮದಲ್ಲಿ ಬರಲಿಲ್ಲಮ್ಮ. ಇದು ನನ್ನ ಸೊಸೆ ಕೈಯದು. ಹನ್ನೆರಡು ವರ್ಷದಿಂದ ತಿದ್ದಿದೀನಿ, ಒಂದಿಷ್ಟೂ ಬದಲಾಗಲಿಲ್ಲ."

"ತಿದ್ದಬೇಡಿ ಅಜ್ಜಿ," ಎಂದಳು ಹೆಂಗಸು ಕಳವಳದಿಂದ. "ಇಂಥದ್ದೆಲ್ಲ ಹೇಳಿಕೊಟ್ಟು ಬರೋದಲ್ಲ, ಹುಟ್ಟಿನಿಂದಲೇ ಬರಬೇಕು." ದುಡ್ಡು ಎಣಿಸಿ ಕೊಟ್ಟು, ಹೊದಿಕೆ ಎದೆಗವಚಿಕೊಂಡು, ಚೀಟಿ ಬೀಳದಂತೆ ಹಿಡಿದುಕೊಂಡು ಅವಳು ಜನರ ನಡುವೆ ಮರೆಯಾದಳು.

ಸೊಸೆ ಎದ್ದು ನಿಂತಳು. "ಅತ್ತೆ, ಬೇಜಾರು ಮಾಡ್ಕೋಬೇಡಿ."

ಅತ್ತೆಗೆ ಬೇಜಾರೇ ಆಗಿತ್ತು. ತಮ್ಮ ಹೊದಿಕೆಯನ್ನು ಅಂಚಿಗೆ ಅಂಚು ಕೂಡಿಸಿ ಮಡಿಚಿ ತೊಡೆಯ ಮೇಲಿಟ್ಟುಕೊಂಡರು. ಅರವತ್ತು ವರ್ಷದಿಂದ ಎದೆಯ ಬಳಿ ಬಟ್ಟೆಗೆ ಚುಚ್ಚಿಕೊಳ್ಳುತ್ತಿದ್ದ ಸೂಜಿಯನ್ನು, ದಾರವಿದ್ದ ಹಾಗೇ, ಕಿತ್ತು ಸೊಸೆಯ ಕೈಗೆ ಕೊಟ್ಟರು.

"ಇದನ್ನ ನೀನು ಚುಚ್ಕೊಂಡು ಕೂತ್ಕೋ. ಗಿರಾಕಿಗೆ ನಂಬಿಕೆ ಬರತ್ತೆ."