ಹಾಲು ಉಕ್ಕಿದ ಮನೆ

ಒಲೆಯ ಮೇಲೆ ಹಾಲು ಸೀದ ವಾಸನೆ ಬಂದಾಗಲೆಲ್ಲ ನನಗೆ ಅಮೆರಿಕದ ವಿಕ್ಸಮ್‌ನ ನಮ್ಮ ಮನೆಯ ಒಂದು ಮಧ್ಯಾಹ್ನ ನೆನಪಾಗುತ್ತದೆ.

ಅಪ್ಪನ ಕಂಪನಿಯಲ್ಲಿ ಕೆಲವರನ್ನು ಕೆಲಸದಿಂದ ತೆಗೆಯುತ್ತಾರೆಂಬ ಸುದ್ದಿಯಿತ್ತು. ಉಳಿತಾಯವನ್ನೆಲ್ಲ ಕಟ್ಟಿ ಮನೆಸಾಲ ತೀರಿಸಬೇಕೆಂದು ಅಮ್ಮ ಹಟ ಹಿಡಿದಿದ್ದಳು. ಊಟಕ್ಕೆ ಬಂದಿದ್ದ ಅಪ್ಪನ ಗೆಳೆಯ, ಬೆಂಗಳೂರಿನ ಅಂಕಲ್, ನಕ್ಕರು.

“ಇಷ್ಟು ಕಡಿಮೆ ಬಡ್ಡಿ ಸಾಲಾನ ಯಾರಾದ್ರೂ ಬೇಗ ತೀರಿಸ್ತಾರಾ ಅತ್ತಿಗೆ? ಆ ದುಡ್ಡನ್ನ ಶೇರ್ ಮಾರ್ಕೆಟ್‌ಗೆ ಹಾಕಿ.”

“ಮಾರ್ಕೆಟ್ ಬಿದ್ರ ನಿಮ್ಮ ಬೇಸ್‌ಮೆಂಟಿಗೆ ಬಂದು ಇರೂಣೇನ್ರೀ?” ಅಂದಳು ಅಮ್ಮ.

ಅಪ್ಪ, “ವಿಚಾರ ಮಾಡೂಣು,” ಅಂದ.

ಅಮ್ಮ ಎದ್ದಳು. ಸಾಲ ತೀರುವವರೆಗೆ ಇದು ಬ್ಯಾಂಕಿನ ಮನೆ, ಇಲ್ಲಿ ಗೃಹಪ್ರವೇಶದ ಹಾಲು ಉಕ್ಕಿಸುವುದಿಲ್ಲ ಎಂದು ಇಷ್ಟು ವರ್ಷ ತಡೆದಿದ್ದವಳು, ಪಾತ್ರೆಯ ಕಂಠದವರೆಗೆ ಹಾಲು ಸುರಿದು ಒಲೆ ಹಚ್ಚಿದಳು. ಹಾಲು ಉಕ್ಕಿ, ಕರೆಂಟ್ ಒಲೆಯ ಕೆಂಪಗೆ ಕಾದ ಸುರುಳಿಯ ಮೇಲೆ ಹರಿಯಿತು. ಹೊಗೆ ಎದ್ದು ಸೂರಿನ ಸ್ಮೋಕ್ ಅಲಾರ್ಮ್ ಕಿರುಚಿತು. ಅಪ್ಪ ಕುರ್ಚಿ ಹತ್ತಿ ಅದರ ಬಟನ್ ಹುಡುಕಿದ.

“ಮಾಮ್, ಸ್ಟಾಪ್ ಇಟ್!” ಎಂದು ನಾನು ಕೂಗಿದೆ.

“ಹಾಲು ಉಕ್ಕೇತಿ. ಇನ್ನ ಮನಿ ನಮ್ದ ಆಗ್ಲೇಬೇಕು,” ಅಂದಳು ಅಮ್ಮ. ಅಪ್ಪನತ್ತ ತಿರುಗಿ, “ಸೋಮವಾರ ಬ್ಯಾಂಕಿಗೆ ನೀವೂ ಬರ್ತೀರೋ, ನಾನೊಬ್ಬಾಕಿನ ಹೋಗ್ಲೋ?”

ಅಪ್ಪ ಕುರ್ಚಿಯ ಮೇಲೆ ನಿಂತೇ ಹೇಳಿದ: “ನಾನ ಡ್ರೈವ್ ಮಾಡ್ತೀನಿ.”