ಗುಲಾಮನೂ ಒಂಬತ್ತೂ

"ಆಲ್ ಇನ್!" ಎಂದಳು ಗ್ರೇಸಿ, ಮೊಬೈಲಿಗೂ ಕಿವಿ ಉಂಟು ಎನ್ನುವ ಹಾಗೆ. ಪರದೆಯಲ್ಲಿ ಅವಳ ಮುಂದಿದ್ದ ಬಿಲ್ಲೆಗಳ ರಾಶಿ ಇಡಿಯಾಗಿ ಮೇಜಿನ ನಡುವಿಗೆ ಜಾರಿತು. ಎಲ್ಲೆಲ್ಲಿಯವರೋ ನಾಲ್ವರು ಅಪರಿಚಿತರು ಒಬ್ಬರ ಹಿಂದೊಬ್ಬರು ಎಲೆ ಬಿಸಾಡಿ ಶರಣಾದರು. "ನೋಡಿದಿರಾ?" ಎಂದು ಅವಳು ಕೇಳಿದ್ದು ಗೋಡೆಯನ್ನು. ಗಂಡ ಝೇವಿಯರನ ಜೊತೆ ಇಸ್ಪೀಟಿನ ಮಾತು ಬಿಟ್ಟು ಇವತ್ತಿಗೆ ಮೂರು ಭಾನುವಾರ ಆಗಿತ್ತು.

ಉಪ್ಪಳದಲ್ಲಿ ಬೇಕರಿ ಇಟ್ಟ ಝೇವಿಯರ್, ಹೈಸ್ಕೂಲಿನಲ್ಲಿ ಗಣಿತ ಕಲಿಸುವ ಗ್ರೇಸಿ, ಇಬ್ಬರೂ ಮದುವೆಯಾದಲ್ಲಿಂದ ಇಪ್ಪತ್ತೆಂಟು ಎಂಬ ಇಸ್ಪೀಟಾಟದಲ್ಲಿ ಜೋಡಿ. ಮನೆಮಾತು ಕೊಂಕಣಿ, ಆದರೆ ಎದುರಾಳಿಗಳು ಪಕ್ಕದ ಮನೆಯ ಲೋಕಯ್ಯ ದಂಪತಿಯಾದ ಕಾರಣ ಎಲೆ ಹಿಡಿದರೆ ಇಬ್ಬರ ಬಾಯಿಗೂ ಕನ್ನಡವೇ ಬರುತ್ತಿತ್ತು. ಇಪ್ಪತ್ತೆಂಟರಲ್ಲಿ ಗುಲಾಮನೇ ಎಲ್ಲರಿಗಿಂತ ದೊಡ್ಡವ, ಅವನ ಕೆಳಗೆ ಒಂಬತ್ತು. ರಾಜ, ರಾಣಿಯರಿಗೆ ಅಲ್ಲಿ ಒಂದಂಕದ ಬೆಲೆಯೂ ಇಲ್ಲ. ಮೂರು ವಾರದ ಹಿಂದೆ ಗ್ರೇಸಿ ಗುಲಾಮನನ್ನು ಇಳಿಸಿದಾಗ ಝೇವಿಯರ್ ತನ್ನ ಕೈಯ ಒಂಬತ್ತನ್ನು ಅದರ ಮೇಲೆ ಹಾಕಿ ಅವಳಿಗೆ ಅಂಕ ಕೂಡಿಸಬೇಕಿತ್ತು. ಮುಂದಕ್ಕೆ ಬೇಕಾದೀತೆಂದು ಒಳಗಿಟ್ಟುಕೊಂಡ. ಮುಂದಿನ ಸುತ್ತಿನಲ್ಲೇ ಲೋಕಯ್ಯ ಅದನ್ನು ತುರುಫಿನಿಂದ ಹೊಡೆದು ಎರಡು ಅಂಕಕ್ಕೆ ಆಟ ಗೆದ್ದ.

"ಹೆಂಡತಿಗೆ ಒಂದು ಒಂಬತ್ತು ಕೊಡ್ಲಿಕ್ಕೆ ಮನಸ್ಸು ಬಾರದವರ ಜೋಡಿ ನನಗೆ ಬೇಡ," ಎಂದು ಎದ್ದ ಗ್ರೇಸಿ, ತಂಗಿಯ ಮಗಳು ಲೀನಾಳಿಂದ ಮೊಬೈಲಿಗೆ ಪೋಕರ್ ಹಾಕಿಸಿಕೊಂಡಳು. ದುಡ್ಡಿನ ಆಟವಲ್ಲ, ದಿನಾ ಬೆಳಿಗ್ಗೆ ಬಿಟ್ಟಿ ಬಿಲ್ಲೆ ಸಿಗುವ, ಕಲಿಯುವವರ ಆಟ. ಕೈಯಲ್ಲಿ ಎರಡೆಲೆ, ನೆಲದಲ್ಲಿ ಐದೆಲೆ, ಚೆನ್ನಾಗಿ ಹೊಂದಿದವರಿಗೆ ಗೆಲುವು. ಯಾವ ಎಲೆ ದೊಡ್ಡದೆಂದು ಲೀನಾ ಹೇಳಹೊರಟಾಗ, "ನೀನು ಹುಟ್ಟುವ ಮೊದಲೇ ಎಲೆ ಹಿಡಿದವಳು ನಾನು, ಅದೊಂದು ಕಲಿಸ್ಬೇಡ," ಎಂದು ಬಾಯಿ ಮುಚ್ಚಿಸಿದ್ದಳು.

ಝೇವಿಯರ್ ಪೇಪರಿನ ಮರೆಯಲ್ಲಿ ಕೂತು ಗಡಿಯಾರ ನೋಡುತ್ತಿದ್ದ. ವಾಚನಾಲಯದ ಇಪ್ಪತ್ತೆಂಟರ ಜೋಡಿ ಸ್ಪರ್ಧೆಗೆ ಹೆಸರು ಕೊಡಲು ಇವತ್ತು ಕಡೆಯ ದಿನ. ಇನ್ನೇನು ಲೋಕಯ್ಯ ಹೆಸರು ಬರೆದುಕೊಳ್ಳುವ ಪುಸ್ತಕ ಹಿಡಿದು ಬರುತ್ತಾನೆ. ಅವನೆದುರೇ ಗ್ರೇಸಿ ಇಲ್ಲ ಎಂದುಬಿಟ್ಟರೆ? ಆಡಲು ಬೇರೆ ಯಾರೂ ಸಿಗರೆಂದಲ್ಲ. ಎದುರಿನ ಕುರ್ಚಿಯಲ್ಲಿ ಅವಳಿಲ್ಲದೆ ಮೂರು ಭಾನುವಾರ ಅವನಿಗೆ ಊಟವೂ ಸೇರಿರಲಿಲ್ಲ. ಬಾಯಿಬಿಟ್ಟು ಕೇಳಲು ಮಾತ್ರ ಬಿಗುಮಾನ.

"ಜೆಜು!" ಎಂದು ಯೇಸುವನ್ನು ಕರೆದಳು ಗ್ರೇಸಿ. ಹೊಸ ಆಟದಲ್ಲಿ ಅವಳಿಗೆ ಬಂದದ್ದು ಗುಲಾಮ ಮತ್ತು ಒಂಬತ್ತು, ಎರಡೂ ಕೆಂಪು. "ಈಗ ಒಂಬತ್ತಕ್ಕೆ ಯಾರ ಕೈಯನ್ನೂ ಕಾಯ್ಬೇಕಾಗಿಲ್ಲ."

ಝೇವಿಯರ್ ತಡೆಯಲಾರದೆ ಇಣುಕಿದ. "ಬಿಡ್ಬೇಡ ಮಾರಾಯ್ತಿ, ಪೂರಾ ಹಾಕು!"

"ನಿಮ್ಮನ್ನು ಕೇಳಿದ್ದಾ ನಾನು?" ಎಂದಳು. ಆದರೆ ಮೊಬೈಲನ್ನು ಅವನ ಕಡೆಗೆ ಸ್ವಲ್ಪ ವಾಲಿಸಿ ಹಿಡಿದಳು. ನೆಲಕ್ಕೆ ರಾಜ, ನಾಲ್ಕು, ಮತ್ತೊಂದು ಒಂಬತ್ತು ಬಿತ್ತು. ಗ್ರೇಸಿ ಇದ್ದಬದ್ದದ್ದನ್ನೆಲ್ಲ ನೂಕಿದಳು. ಮೂವರು ಓಡಿದರು, ಹುಲಿಯ ಚಿತ್ರ ಹಾಕಿಕೊಂಡ ಒಬ್ಬ ಮಾತ್ರ ಕದಲಲಿಲ್ಲ. ಮತ್ತೆ ಬಿದ್ದವು ರಾಣಿ ಮತ್ತು ಎರಡು. ಹುಲಿ ತನ್ನ ಎಲೆ ಬಿಚ್ಚಿತು: ರಾಜ, ರಾಣಿ.

ಗಂಡ ಹೆಂಡತಿ ಒಟ್ಟಿಗೆ ನಕ್ಕರು. "ಪಾಪ, ಎರಡೂ ಸೊನ್ನೆ," ಎಂದ ಝೇವಿಯರ್. ಅವನ ಮಾತು ಮುಗಿಯುವುದರೊಳಗೆ ರಾಶಿಯೆಲ್ಲ ಹುಲಿಯ ಕಡೆಗೆ ಜಾರಿತು.

"ಮೋಸ!"

"ಹಾಡುಹಗಲೇ ಮೋಸ! ಕಂಪ್ಲೇಂಟು ಕೊಡ್ಲಿಕ್ಕೆ ಎಲ್ಲಿ ಉಂಟು ನೋಡು," ಎಂದು ಝೇವಿಯರ್ ಕನ್ನಡಕ ಹುಡುಕಿದ. ಅಷ್ಟರಲ್ಲಿ ಬಾಗಿಲಲ್ಲಿ ನಿಂತಿದ್ದ ಲೋಕಯ್ಯ ಒಳಗೆ ಬಂದು ಪರದೆ ನೋಡಿ ಹೊಟ್ಟೆ ಹಿಡಿದುಕೊಂಡು ನಕ್ಕ.

"ಪೋಕರಿನಲ್ಲಿ ಗುಲಾಮ ರಾಣಿಗಿಂತ ಸಣ್ಣ, ಟೀಚರೇ. ಒಂಬತ್ತು ಅದಕ್ಕಿಂತಲೂ ಸಣ್ಣ."

"ಮತ್ತೆ ಆಗ ನಾಲ್ಕು ಜನ ಓಡಿದ್ದು ಎಂತಕ್ಕೆ?"

"ನಿಮ್ಮ ಧೈರ್ಯ ನೋಡಿ. ಕೈಯಲ್ಲಿ ದೊಡ್ಡ ಎಲೆ ಉಂಟು ಅಂತ ನಂಬಿದ್ರು."

ಗ್ರೇಸಿಯ ಮುಖ ಕೆಂಪಾಯಿತು. ಮೂರು ವಾರದ ಸೇಡು ತೀರಿಸಲು ಝೇವಿಯರನಿಗೆ ಇದಕ್ಕಿಂತ ಒಳ್ಳೆಯ ಹೊತ್ತು ಸಿಗುವಂತಿರಲಿಲ್ಲ. ಆದರೆ ಅವನು, "ಗುಲಾಮ ಸಣ್ಣವನಂತೆ! ಅದೆಂತ ಆಟ ಮಾರಾಯ," ಎಂದು ಲೋಕಯ್ಯನ ಮೇಲೆಯೇ ರೇಗಿದ. "ಅದೇ ಅಲ್ವಾ ಮತ್ತೆ!" ಎಂದಳು ಗ್ರೇಸಿ. ಮದುವೆಯ ಇಪ್ಪತ್ತಾರು ವರ್ಷಗಳಲ್ಲಿ ಸೋತ ಮೇಲೆ ಇಬ್ಬರೂ ಸೇರಿ ಮೂರನೆಯವರನ್ನು ಬೈದದ್ದು ಇದೇ ಮೊದಲು. ಝೇವಿಯರನಿಗೆ ಎಷ್ಟು ಖುಷಿಯಾಯಿತೆಂದರೆ ಬಿಗುಮಾನ ಮರೆತೇಹೋಯಿತು.

"ಗ್ರೇಸಿ, ನಮ್ಮ ಹೆಸರು ಬರೆಸುವನಾ? ಈ ಸಲ ಒಂಬತ್ತು ಬಂದ ಕೂಡಲೇ ಕೊಡ್ತೇನೆ. ದೇವರಾಣೆ."

ಗ್ರೇಸಿ ಮೊಬೈಲನ್ನು ಮೇಜಿನ ಮೇಲಿಟ್ಟಳು. ಉತ್ತರಪತ್ರಿಕೆ ತಿದ್ದುವಾಗಿನ ಗಾಂಭೀರ್ಯದಿಂದ, "ಯೋಚನೆ ಮಾಡ್ಬೇಕು," ಎಂದಳು.

ಲೋಕಯ್ಯ ತಬ್ಬಿಬ್ಬಾದ. "ಎಂತ ಯೋಚನೆ ಟೀಚರೇ? ಜಗಳದ ಮರುದಿನವೇ ನೀವು ಬಂದು ಎರಡೂ ಹೆಸರು ಬರೆಸಿ ಹೋದದ್ದಲ್ವಾ? ನಾನು ಈಗ ಬಂದದ್ದು ಆಟ ಎಷ್ಟು ಗಂಟೆಗೆ ಅಂತ ಹೇಳ್ಲಿಕ್ಕೆ."

ಝೇವಿಯರ್ ಮೆಲ್ಲನೆ ಹೆಂಡತಿಯ ಕಡೆ ತಿರುಗಿದ. ಅವಳ ಮುಖದಲ್ಲಿ ಒಂದು ಗೆರೆಯೂ ಅಲುಗಲಿಲ್ಲ.

"ಎಂತ ನೋಡ್ತಾ ಕೂತದ್ದು?" ಎಂದಳು. "ಎಲೆ ತನ್ನಿ."