ಒಂದು ಗುಟುಕು

ಆ ಮುಂಜಾನೆ ಶಹಾಬಾದಿನಲ್ಲಿ ಗಾಳಿ ಬಿದ್ದುಹೋಗಿತ್ತು. ಒಂಬತ್ತಕ್ಕೇ ಕಾಲೇಜಿನ ಅಂಗಳದ ಹಾಸುಗಲ್ಲು ಕಾದಿತ್ತು. ರಾಕ್ ಬ್ಯಾಂಡಿನ ಹೊಸ ಗಾಯಕಿ ಗುರುದೇವಿ ಮೈಕಿನ ಮುಂದೆ ಬಂದು ನಿಂತದ್ದೇ ತಡ, ಮುಂದಿನ ಸಾಲಿನ ಒಬ್ಬ ನೀರಿನ ಬಾಟಲಿಯನ್ನು ಅವಳ ಕಾಲ ಬಳಿ ಎಸೆದ.

"ಮಠದಾಗ ಬೆಳೆದಾಕಿ ಸ್ವಾಮಿಗಳ್ನ ಬೈಯೋ ನಮ್ಮ ಹಾಡು ಹೆಂಗ ಹಾಡ್ತಿ, ತಂಗಿ? ಖಾಲಿ ಕೊರಳು ತೋರ್ಸಿದ್ರ ನಂಬಂಗಿಲ್ಲ. ಖರೇನೇ ಲಿಂಗ ಬಿಟ್ಟಿದ್ರ ಒಂದು ಗುಟುಕು ಕುಡಿ. ಇಲ್ಲಂದ್ರ ಮೈಕ್ ಬಿಟ್ಟು ಇಳಿ."

ಅಭಿಮಾನಿಗಳ ಈ ಗುಮಾನಿಗೆ ಹೆದರಿಯೇ, ಬ್ಯಾಂಡ್ ಕಟ್ಟಿದ ರೇವಣಸಿದ್ಧ "ಒಂದೇ ತಾಸು ತೆಗೆದು ಕೊಡ್ರಿ ಅಕ್ಕಾ, ನನ್ನ ಹತ್ರ ಜೋಪಾನ ಇರ್ತದ" ಎಂದು ಬೇಡಿಕೊಂಡು, ಲಿಂಗವಿದ್ದ ಅವಳ ಕೊರಳ ಬೆಳ್ಳಿ ಕರಡಿಗೆಯನ್ನು ಕಿಸೆಗೆ ಹಾಕಿಕೊಂಡಿದ್ದ. ಲಿಂಗ ಮೈಮೇಲಿಲ್ಲದಾಗ ಹನಿ ನೀರೂ ಗಂಟಲಿಗಿಳಿಯಬಾರದೆಂಬ ನೇಮ ಅವನಿಗೆ ಗೊತ್ತು. ಬಾಟಲಿ ಎಸೆದವನಿಗೂ ಗೊತ್ತು. ಅವನ ಬನಿಯನ್ನಿನ ಅಂಚಿನಲ್ಲಿ ಲಿಂಗ ಕಟ್ಟುವ ಶಿವದಾರ ಇಣುಕುತ್ತಿತ್ತು.

"ಮೊದಲ ಹಾಡು ಕೇಳ್ರೆಪ್ಪಾ" ಎಂದಳು ಗುರುದೇವಿ.

"ನೀರು, ನೀರು" ಎಂದು ಅಂಗಳವೆಲ್ಲ ಚಪ್ಪಾಳೆಯ ತಾಳ ಹಾಕಿತು. ಅವಳು ರೇವಣಸಿದ್ಧನತ್ತ ತಿರುಗಿದಳು. ಅವನು ತಲೆ ತಗ್ಗಿಸಿ ಗಿಟಾರಿನ ತಂತಿ ಬಿಗಿಯತೊಡಗಿದ. ಅವಳು ಬಾಟಲಿ ಎತ್ತಿಕೊಂಡು ಒಂದು ಗುಟುಕು ಕುಡಿದಳು.

"ಈಗ ನಮ್ಮಾಕಿ ಆದಳು ನೋಡ್ರಿ" ಎಂದು ಎಸೆದವನೇ ಸಿಳ್ಳೆ ಹೊಡೆದ.

ಹಾಡುಗಳೆಲ್ಲ ಮುಗಿದ ಮೇಲೆ, ವೇದಿಕೆಯ ಹಿಂದೆ ಯಾರೂ ಇಲ್ಲದಾಗ, ರೇವಣಸಿದ್ಧ ಕರಡಿಗೆಯನ್ನು ತೆಗೆದು ಮೆಲ್ಲಗೆ ಅವಳ ಮುಂದೆ ಹಿಡಿದ. ಗುರುದೇವಿ ಎರಡೂ ಕೈ ಬೆನ್ನ ಹಿಂದೆ ಕಟ್ಟಿಕೊಂಡು ನಿಂತೇ ಇದ್ದಳು.